‘ಯಾರ ಪೈಕಿ ನೀವು?’

ಸುರಪುರ ತಾಲೂಕಿನ ಒಂದು ದೊಡ್ಡಿ. ಹೆಸರು ಬರೆಯುವುದಿಲ್ಲ, ಯಾಕೆಂದು ಕೊನೆಗೆ ಗೊತ್ತಾಗುತ್ತದೆ. ಅಲ್ಲಿ ಕುಡಿಯುವ ನೀರಿಗೆ ತ್ರಾಸು ಇದೆ ಎಂದು ಸುದ್ದಿ ಮಾಡಲು ಬೇಸಿಗೆಯಲ್ಲಿ ಹೋಗಿದ್ದೆವು. ಖಾಲಿ ಕೊಡಗಳ ಸಾಲಿನ ಫೋಟೋ ತೆಗೆಯಲು ಫೋನ್ ಹೊರಗೆ ತೆಗೆದಾಗ, ಬೇವಿನ ಗಿಡದ ಕೆಳಗೆ ಕುಂತಿದ್ದ ಆಯಿ ಕೇಳಿದಳು.

‘ಯಾರ ಪೈಕಿ ನೀವು?’

‘ಪೇಪರ್‌ನವ್ರದೀವಿ ಆಯಿ.’

‘ಅದು ಕೆಲಸ ಆತು. ಯಾರ ಪೈಕಿ ಅಂತ ಕೇಳ್ದೆ.’

ನಾವು ನಕ್ಕು ಸುಮ್ಮನಾದೆವು. ಆಯಿ ಬಿಡಲಿಲ್ಲ. ‘ಯುಗಾದಿಗೆ ಬಂದು ಫೋಟೋ ಹೊಡ್ಕೊಂಡು ಹೋದ್ರಲ್ಲ, ಅವ್ರ ಪೈಕಿ ಏನು?’

‘ಅಲ್ಲ ಆಯಿ, ನಾವು ಬ್ಯಾರೆ’ ಅಂದೆವು.

ಅದು ಸುಳ್ಳು. ಯುಗಾದಿಗೆ ಬಂದವರು ನಾವೇ. ಅವತ್ತು ಹೆಲ್ಮೆಟ್, ಮುಖಕ್ಕೆ ಟವೆಲ್ ಇತ್ತು, ಆಯಿಗೆ ಗುರುತು ಸಿಗಲಿಲ್ಲ. ಅಥವಾ ಸಿಕ್ಕೇ ಕೇಳಿದಳೋ, ಇವತ್ತಿಗೂ ನಮಗೆ ಖಾತ್ರಿ ಇಲ್ಲ.

ಯುಗಾದಿಯ ಕತೆ ಇಷ್ಟು. ಹಬ್ಬದ ಮರುದಿನ ಗುಡ್ಡಕ್ಕೆ ಬೇಟೆಗೆ ಹೋಗುವುದು ನಮ್ಮ ಕಡೆ ಕೆಲವು ಊರುಗಳಲ್ಲಿ ಹಿಂದಿನಿಂದ ಬಂದದ್ದು. ಹಬ್ಬದ ವಿಶೇಷಕ್ಕೆ ‘ಸಂಸ್ಕೃತಿ’ ಮೇಲೆ ಏನಾದರೂ ಕಳಿಸಿ ಎಂದು ಡೆಸ್ಕಿನಿಂದ ಫೋನ್ ಬಂದಿತ್ತು. ಹೋದೆವು. ಮುತ್ಯಾ ಒಬ್ಬರು ಕಟ್ಟಿ ಮೇಲೆ ಕುಂದರಿಸಿ ಚಾ ಕುಡಿಸಿದರು. ಬೇಟೆನಾಯಿ ಸಾಕುವುದು ಹೇಗೆ, ಬಲೆ ಹೆಣೆಯುವುದು ಹೇಗೆ, ಗರ್ಭದ ಪ್ರಾಣಿಯನ್ನು ಯಾಕೆ ಮುಟ್ಟಬಾರದು ಎಂದು ಒಂದು ತಾಸು ಹೇಳಿದರು. ಕೊನೆಗೆ ನಾವೇ ‘ಮುತ್ಯಾ, ಒಂದು ಫೋಟೋ’ ಅಂದೆವು. ಅವರು ನಿಂತರು, ಪಕ್ಕದಲ್ಲಿ ಮೊಮ್ಮಗ ನಿಂತ. ಅವನ ಕೈಯಲ್ಲಿ ಮೊಲ ಇತ್ತು.

ಒಂದು ತಾಸು ಕೇಳಿದ್ದನ್ನು ನಾವು ನಾನೂರು ಪದಗಳಲ್ಲಿ ಬರೆದು ಕಳಿಸಿದೆವು. ಮರುದಿನ ಪೇಪರಿನಲ್ಲಿ ನಾಲ್ಕು ಸಾಲು ಬಂತು, ಊರ ಹೆಸರು ಬಂತು, ಇಬ್ಬರ ಮುಖ ಬಂತು. ಮೇಲೆ ಡೆಸ್ಕಿನವರು ಇಟ್ಟ ಶೀರ್ಷಿಕೆ: ನಿಷೇಧವಿದ್ದರೂ ನಿಲ್ಲದ ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದು ನಿಜ, ಮೊಲ ಹೊಡೆಯುವುದು ಅಪರಾಧ ಎಂಬುದೂ ನಿಜ. ಮೂರು ದಿನದಲ್ಲಿ ಫಾರೆಸ್ಟ್‌ನವರ ಜೀಪು ದೊಡ್ಡಿಗೆ ಬಂತು. ಅಜ್ಜ, ಮೊಮ್ಮಗ ಇಬ್ಬರ ಮೇಲೂ ಕೇಸಾಯಿತು. ಮೊಮ್ಮಗ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ ಎಂಬುದು ನಮಗೆ ಗೊತ್ತಾದದ್ದು ಆಮೇಲೆ.

ಇದನ್ನು ಬರೆಯಲು ನಮಗೆ ನಾಲ್ಕು ವರ್ಷ ಬೇಕಾಯಿತು. ಆಯಿ ಕೇಳಿದ ಮಾತಿಗೆ ಉತ್ತರ ಕೊಡದೇ ಯಾರೂ ಒಂದು ಜನದ ಬಗ್ಗೆ ಬರೆಯಬಾರದು ಎಂಬುದು ಈಗ ನಮ್ಮ ಅಭಿಪ್ರಾಯ. ಆದ್ದರಿಂದ ಮೊದಲು ನಾವು ಯಾರ ಪೈಕಿ ಎಂದು ಹೇಳಿಬಿಡುತ್ತೇವೆ.

ನಾವು ಅಂದರೆ ಯಾದಗಿರಿ, ಶಹಾಪುರ, ಸುರಪುರದಿಂದ ಬೇರೆ ಬೇರೆ ಪತ್ರಿಕೆಗಳಿಗೆ ಸುದ್ದಿ ಕಳಿಸುವ ನಾಲ್ಕು ಜನ. ಪತ್ರಿಕೋದ್ಯಮ ಡಿಪ್ಲೊಮಾ ಒಂದೇ ಕಡೆ ಮಾಡಿದೆವು. ಇದನ್ನು ಬರೆಯುತ್ತಿರುವ ಕೈ ಶಹಾಪುರ ಕಡೆಯ ಲಿಂಗಾಯತ ಒಕ್ಕಲು ಮನೆಯದು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ನಮ್ಮ ಹೊಲಕ್ಕೆ ಬರುತ್ತದೆ, ಭತ್ತ ಬೆಳೆಯುತ್ತೇವೆ, ನಾಟಿಗೆ ಬರುವವರಲ್ಲಿ ಬೇಡರ ಹೆಣ್ಣುಮಕ್ಕಳೂ ಇರುತ್ತಾರೆ. ಅಂದರೆ ಅವರ ಕೂಲಿ ಹೆಚ್ಚಾದರೆ ನಮ್ಮ ಮನೆಗೆ ಖರ್ಚು ಹೆಚ್ಚು. ಇನ್ನೊಬ್ಬ ಮಾದಿಗರ ಓಣಿಯವನು. ಮತ್ತೊಬ್ಬ ಯಾದಗಿರಿ ಪೇಟೆಯ ಮುಸ್ಲಿಂ ಮನೆಯವನು. ನಾಲ್ಕನೆಯವನು ಸ್ವತಃ ನಾಯಕರವನು, ಆದರೆ ಸುರಪುರ ಪಟ್ಟಣದಲ್ಲಿ ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವನು. ಅವನು ದೊಡ್ಡಿಗೆ ಹೋದರೂ ‘ಪ್ಯಾಟಿ ಸಾಹೇಬ್ರು ಬಂದ್ರು’ ಅನ್ನುತ್ತಾರೆ. ನಾಲ್ವರಲ್ಲಿ ಹೆಣ್ಣುಮಗಳು ಒಬ್ಬಳೂ ಇಲ್ಲ. ಹೀಗಾಗಿ ದೊಡ್ಡಿಯಲ್ಲಿ ನಾವು ಕೇಳಿಸಿಕೊಂಡದ್ದೆಲ್ಲ ಕಟ್ಟಿ ಮೇಲಿನ ಮಾತು, ಒಲಿ ಮುಂದಿನ ಮಾತು ನಮಗೆ ಗೊತ್ತೇ ಇಲ್ಲ.

ರೊಕ್ಕದ ಮಾತೂ ಹೇಳಬೇಕು. ನಮಗೆ ಸಂಬಳ ಇಲ್ಲ, ಸುದ್ದಿಗೆ ಇಷ್ಟು ಎಂದು ಬರುತ್ತದೆ. ಅದರ ಮೇಲೆ ಜಾಹೀರಾತಿನ ಟಾರ್ಗೆಟ್. ಜಾಹೀರಾತು ಕೊಡುವವರು ಲೀಡರ್‌ಗಳು, ಕಂಟ್ರಾಕ್ಟರ್‌ಗಳು. ಕೃಷ್ಣಾ, ಭೀಮಾ ದಂಡೆಯಿಂದ ರಾತ್ರಿ ಮರಳು ಹೋಗುವುದನ್ನು ನಾವೂ ಬರೆದಿದ್ದೇವೆ. ಆ ಫೋಟೋಗಳನ್ನು ಹಳೆಯ ಫೋನಿನಲ್ಲಿ ತೆಗೆದು ನೋಡಿದೆವು. ಒಂದರಲ್ಲೂ ಮುಖ ಇಲ್ಲ, ಟಿಪ್ಪರಿನ ನಂಬರ್ ಪ್ಲೇಟನ್ನು ನಾವೇ ಮಸುಕು ಮಾಡಿದ್ದೇವೆ. ‘ಸುಮ್ನ ಯಾಕ ತ್ರಾಸು’ ಎಂದು. ಮೊಲ ಹಿಡಿದ ಹುಡುಗನ ಮುಖ ಮಸುಕು ಮಾಡಬೇಕು ಎಂದು ನಮಗೆ ಹೊಳೆಯಲೇ ಇಲ್ಲ. ಕಾನೂನು ಎರಡೂ ಕಡೆ ಮುರಿದಿತ್ತು. ಒಂದು ಕಡೆ ನಮಗೆ ಅಂಜಿಕೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಈ ವ್ಯತ್ಯಾಸವೇ ನಮ್ಮ ಜಾಗ. ಅದು ಹೊರಗಿನವರಿಗಿಂತ ಮೊದಲು ದೊಡ್ಡಿಯವರಿಗೆ ಕಾಣುತ್ತದೆ.

ಸುರಪುರದಲ್ಲಿ ಈ ಮಾತು ಹೊಸದಲ್ಲ. ಊರಿಗೆ ಹೋದವರೆಲ್ಲ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿರುತ್ತೀರಿ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು, ಸಣ್ಣ ವಯಸ್ಸಿಗೇ ಹಿಂದುಸ್ತಾನಕ್ಕೆ ಬಂದು ನಿಜಾಮನ ನೌಕರಿ ಸೇರಿದವನು. 1840ರ ದಶಕದ ಆರಂಭದಲ್ಲಿ ಸುರಪುರ ಸಂಸ್ಥಾನದ ಉಸ್ತುವಾರಿಗೆ ಬಂದು 1853ರವರೆಗೆ ಇದ್ದ. ರಾಜಾ ವೆಂಕಟಪ್ಪ ನಾಯಕ ಆಗ ಸಣ್ಣ ಹುಡುಗ, ತಾಯಿ ರಾಣಿ ಈಶ್ವರಮ್ಮ. ಟೇಲರ್ ಹುಡುಗನಿಗೆ ಓದು ಕಲಿಸಲು ನೋಡಿದ, ಸಂಸ್ಥಾನದ ಲೆಕ್ಕಪತ್ರ ಸರಿ ಮಾಡಿದ, ಸೀಮೆಯ ಹಳೆಯ ಕಲ್ಲುಗೋರಿಗಳನ್ನು ಹುಡುಕಿ ಅವುಗಳ ಬಗ್ಗೆ ಬರೆದ. ಜನ ಅವನನ್ನು ಮಹಾದೇವ ಬಾಬಾ ಎಂದರು. ರಾಜ ‘ಅಪ್ಪಾ’ ಎನ್ನುತ್ತಿದ್ದನೆಂದು ಟೇಲರನೇ ಬರೆದಿದ್ದಾನೆ. ಒಳ್ಳೆಯವನಿರಲಿಲ್ಲ ಎಂದು ನಾವು ಹೇಳುತ್ತಿಲ್ಲ. ನಮ್ಮ ಎಷ್ಟೋ ಅಧಿಕಾರಿಗಳಿಗಿಂತ ಚಲೋ ಇದ್ದಿರಬಹುದು.

ಆದರೆ 1858ಕ್ಕೆ ಬನ್ನಿ. ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ನಿಂತಿತು, ಸೋತಿತು. ರಾಜ ಹೈದರಾಬಾದಿನಲ್ಲಿ ಸೆರೆ ಸಿಕ್ಕ. ದಂಗೆಗೆ ಕುಮ್ಮಕ್ಕು ಕೊಟ್ಟವರ ಹೆಸರು ರಾಜನ ಬಾಯಿಂದ ಬರಬೇಕಿತ್ತು. ಆಗ ಸೆರೆಯಲ್ಲಿ ಅವನ ಮುಂದೆ ಹೋಗಿ ಕುಂತವನು ಅಪ್ಪ ಎನಿಸಿಕೊಂಡ ಟೇಲರನೇ. ರಾಜ ಹೆಸರು ಹೇಳಲಿಲ್ಲ. ಮರಣದಂಡನೆ ಕಡಿಮೆಯಾಗಿ ಸೆರೆವಾಸವಾಯಿತು, ಅದಕ್ಕೆ ಟೇಲರ್ ಓಡಾಡಿದ್ದೂ ಉಂಟು. ಆದರೆ ಸೆರೆಗೆ ಸಾಗಿಸುವ ದಾರಿಯಲ್ಲೇ ರಾಜ ಗುಂಡಿಗೆ ತೀರಿಕೊಂಡ. ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದ. ಅದು ಬೇರೆಯವರಿಂದ ಕೇಳಿ ಬರೆದದ್ದು. ಕೊಂದರು ಎಂದು ನಂಬುವವರು ಸುರಪುರದಲ್ಲಿ ಇಂದಿಗೂ ಇದ್ದಾರೆ. ಸಂಸ್ಥಾನ ಮುಗಿಯಿತು, ಸೀಮೆ ನಿಜಾಮನ ಪಾಲಾಯಿತು.

ಟೇಲರನ ಆತ್ಮಕತೆ ಅವನು ಸತ್ತ ಮೇಲೆ 1877ರಲ್ಲಿ ಅಚ್ಚಾಯಿತು. ಅಂದಿನಿಂದ ಸುರಪುರದ ಬಗ್ಗೆ ಯಾರು ಬರೆದರೂ ಅದನ್ನು ನೋಡಿಯೇ ಬರೆಯುವುದು. ನಾವೂ ಬರೆದಿದ್ದೇವೆ, ಯುಗಾದಿ ವಿಶೇಷದಲ್ಲಿ ಅಲ್ಲಿಂದಲೇ ಎರಡು ಪ್ಯಾರಾ ಎತ್ತಿದ್ದೆವು. ಅದು ಒಬ್ಬನೇ ಮನುಷ್ಯನ ಕಣ್ಣು, ಖಜಾನೆ ಕೀಲಿಕೈ ಇಟ್ಟುಕೊಂಡವನ ಕಣ್ಣು. ಓದಬೇಡಿ ಅನ್ನುವುದಿಲ್ಲ. ಮುಧೋಳ ಸೀಮೆಯ ಹಲಗಲಿ ಬೇಡರ ದಂಗೆಯ ಲಾವಣಿಯನ್ನೂ ಅಚ್ಚಿಗೆ ತಂದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಆದರೆ ಅಲ್ಲಿ ಹಾಡು ಹಾಡಿದವರದು, ಅಚ್ಚು ಅವನದು. ಟೇಲರನ ಪುಸ್ತಕದಲ್ಲಿ ದೊಡ್ಡಿಯವರ ಬಾಯಿ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಕಡಿಮೆ.

ಪ್ರೀತಿ ಇದ್ದರೂ ಸಾಕಾಗುವುದಿಲ್ಲ ಎಂದು ನಮಗೆ ಅನಿಸಿದ್ದು ಇಲ್ಲಿಯೇ. ನಮಗೂ ಮುತ್ಯಾನ ಮೇಲೆ ಪ್ರೀತಿ ಇತ್ತು, ಚಾ ಕುಡಿದಿದ್ದೆವು. ಅವರ ನಂಬಿಕೆಯಿಂದ ಸಿಕ್ಕ ಫೋಟೋ ಫಾರೆಸ್ಟ್‌ನವರ ಫೈಲಿನಲ್ಲಿ ಸಾಕ್ಷಿಯಾಯಿತು.

‘ಅವರೇನು ಆದಿವಾಸಿಗಳೇ? ರಾಜಮನೆತನ ಇದೆ, ಎಮ್ಮೆಲ್ಲೆ ಸೀಟು ರಿಸರ್ವ್ ಇದೆ’ ಎಂದು ಕೆಲವು ಓದುಗರು ಕೇಳಬಹುದು. ನಮ್ಮ ಡೆಸ್ಕಿನವರೂ ಕೇಳುತ್ತಾರೆ. ಅವರಿಗೆ ಬುಡಕಟ್ಟು ಅಂದರೆ ಕಾಡು, ಗುಡಿಸಲು, ತಲೆಗೆ ಗರಿ. ಸುರಪುರದ ಬೇಡರು 1705ರಲ್ಲಿ ವಾಗಣಗೇರಾ ಕೋಟೆಯಲ್ಲಿ ಔರಂಗಜೇಬನ ಸೈನ್ಯವನ್ನೇ ತಡವಿದವರು. ಮುತ್ತಿಗೆಗೆ ಮುದುಕ ಬಾದಶಹನೇ ಬಂದಿದ್ದ. ‘ನಾವು ರಾಜರ ಮಂದಿ’ ಎಂದು ದೊಡ್ಡಿಯ ಮುತ್ಯಾನೂ ಹೇಳುತ್ತಾನೆ, ಮತ್ತು ಅದೇ ಮುತ್ಯಾನ ಮಗ ಗುಳೆ ಹೋಗಿ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸುವುದು ಪೇಪರಿನವರಿಗೆ ಸುಲಭ.

ಕರೆಯುವ ಹೆಸರೂ ಹಾಗೆಯೇ. ಬೇಡ, ನಾಯಕ, ವಾಲ್ಮೀಕಿ. ಒಬ್ಬರಿಗೆ ಹೆಮ್ಮೆಯಾದ ಮಾತು ಇನ್ನೊಬ್ಬರಿಗೆ ಬೈಗುಳ. 1991ರಲ್ಲಿ ಬೇಡ, ಬೇಡರ, ವಾಲ್ಮೀಕಿ ಹೆಸರುಗಳು ನಾಯಕದ ಜೊತೆ ಎಸ್‌ಟಿ ಪಟ್ಟಿಗೆ ಬಂದವು, 2020ರಲ್ಲಿ ತಳವಾರ, ಪರಿವಾರ ಸೇರಿದವು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಯಾರು ನಿಜವಾದ ತಳವಾರರು ಎಂಬ ಜಗಳ ಎದ್ದದ್ದು ನಿಮಗೆ ಗೊತ್ತೇ ಇದೆ. ಕಬ್ಬಲಿಗರ ತಳವಾರರು ಸರ್ಟಿಫಿಕೇಟ್ ಕೇಳಿದರು, ನಾಯಕರ ಮುಖಂಡರು ಬೇಡವೆಂದರು. ಬೀದರ, ಕಲಬುರಗಿ, ಯಾದಗಿರಿಯ ಕುರುಬರದು ಗೊಂಡ ಹೆಸರಿನ ಬೇಡಿಕೆ. 2022ರಲ್ಲಿ ರಾಜ್ಯದ ಎಸ್‌ಟಿ ಮೀಸಲಾತಿ ಶೇ 3ರಿಂದ ಶೇ 7ಕ್ಕೆ ಏರಿದ ಮೇಲೆ ಪೈಪೋಟಿ ಇನ್ನೂ ಬಿಗಿಯಾಯಿತು. ಈ ಸುದ್ದಿಗಳನ್ನು ಬರೆಯುವವರು ಯಾರು? ನಾಯಕರಿದ್ದಾರೆ, ಕಬ್ಬಲಿಗರಿದ್ದಾರೆ, ಕುರುಬರಿದ್ದಾರೆ. ಎಲ್ಲರ ಮನೆಯಲ್ಲೂ ಪಿಯುಸಿ ಓದುವ ಮಕ್ಕಳಿದ್ದಾರೆ. ಸುದ್ದಿಯ ಕೆಳಗೆ ಅದು ಕಾಣುವುದಿಲ್ಲ. ‘ನಮ್ಮ ಪ್ರತಿನಿಧಿ’ ಎಂದಷ್ಟೇ ಇರುತ್ತದೆ, ಯಾರ ಪ್ರತಿನಿಧಿ ಎಂದು ಇರುವುದಿಲ್ಲ.

2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣದ ಪ್ರಕರಣ ಹೊರಬಂದಾಗ ನಾವು ಬೆಂಗಳೂರಿನ ಸುದ್ದಿಯನ್ನೇ ತಿರುಗಿಸಿ ಕಳಿಸಿದೆವು. ಪ್ರತಿಭಟನೆಯ ಫೋಟೋ ಹಾಕಿದೆವು. ಆ ನಿಗಮದಿಂದಲೇ ಬರಬೇಕಾದ ಗಂಗಾ ಕಲ್ಯಾಣದ ಬೋರ್‌ವೆಲ್‌ಗೆ ಅರ್ಜಿ ಹಾಕಿ ಕಾಯುತ್ತಿರುವವರು ದೊಡ್ಡಿಗಳಲ್ಲಿ ಇದ್ದಾರೇನು ಎಂದು ನಮ್ಮಲ್ಲಿ ಒಬ್ಬರೂ ಗಾಡಿ ಹತ್ತಿ ಹೋಗಿ ಕೇಳಲಿಲ್ಲ. ಮೊಲದ ಫೋಟೋಕ್ಕೆ ಮಾತ್ರ ಹೋಗಿದ್ದೆವು.

ಹೊರದೇಶದಲ್ಲೂ ಇದೇ ಮಾತು ನಡೆದಿದೆ. ನ್ಯೂಜಿಲೆಂಡಿನ ಮಾವೋರಿ ಜನ ಹೊಸಬರ ಮುಂದೆ ಮಾತಾಡುವ ಮೊದಲು ತಮ್ಮ ಗುಡ್ಡ ಯಾವುದು, ಹೊಳೆ ಯಾವುದು, ಹಿರಿಯರು ಯಾರು ಎಂದು ಹೇಳಿಕೊಳ್ಳುತ್ತಾರೆ. ನಮ್ಮ ಆಯಿ ಕೇಳಿದ್ದೂ ಅದನ್ನೇ. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ಸಂಶೋಧಕರಿಗಾಗಿ ತಾವೇ ಒಂದು ನಿಯಮಾವಳಿ ಬರೆದರು. ನಮ್ಮ ಬಳಿ ಬರುವವರು ಗೌರವದಿಂದ, ಪ್ರಾಮಾಣಿಕವಾಗಿ ಬರಬೇಕು, ಬರೆದದ್ದನ್ನು ಮೊದಲು ನಮಗೆ ತೋರಿಸಬೇಕು ಎಂದು. ಬೇಟೆಯ ಜನ ಎಂದು ಅವರ ಫೋಟೋವನ್ನೂ ಜಗತ್ತೆಲ್ಲ ಹೊಡೆದುಕೊಂಡು ಹೋಗಿತ್ತು.

ಆದರೆ ಒಂದು ತೊಡಕಿದೆ. ನಮ್ಮ ಮಾದಿಗರ ಓಣಿಯ ಗೆಳೆಯನಿಗೆ ಇದನ್ನೆಲ್ಲ ಓದಿ ಹೇಳಿದೆವು. ‘ನಿಮಗೇನ್ರಿ, ಯಾರ ಪೈಕಿ ಅಂದ್ರ ಹೇಳಿ ಕುರ್ಚಿ ಮ್ಯಾಲ ಕುಂದರ್ತೀರಿ. ನಾ ಹೇಳಿದ್ರ ಚಾದ ಕಪ್ಪು ಬದಲಾಗ್ತದ’ ಅಂದ. ಅವನು ಹೇಳುವುದು ಸರಿ. ನಾಯಕರ ಕಟ್ಟಿಯಲ್ಲೂ ಅವನಿಗೆ ಅದು ಆಗಿದೆ. ಹೀಗಾಗಿ ಎಲ್ಲರೂ ಜಾತಿ ಹೇಳಿಕೊಂಡು ಹೋಗಬೇಕು ಎಂದು ನಾವು ಹೇಳುವುದಿಲ್ಲ. ಹೇಳಿದರೆ ಏನೂ ಕಳೆದುಕೊಳ್ಳದವರು ಮೊದಲು ಹೇಳಬೇಕು. ಯಾವ ಪೇಪರು, ರೊಕ್ಕ ಯಾರು ಕೊಡುತ್ತಾರೆ, ಬರೆದದ್ದು ಯಾರ ಕೈ ಸೇರುತ್ತದೆ, ಶೀರ್ಷಿಕೆ ನಮ್ಮ ಕೈಯಲ್ಲಿಲ್ಲ, ಇಷ್ಟನ್ನು ಮಾತ್ರ ಯಾರಾದರೂ ಹೇಳಬಹುದು.

‘ಹಂಗಾದ್ರ ತಪ್ಪು ಮಾಡಿದವ್ರ ಸುದ್ದಿ ಬರೀಬಾರದೇನು?’ ಎಂದು ಯಾದಗಿರಿಯ ಗೆಳೆಯ ಕೇಳಿದ. ಇದರ ಮೇಲೆ ನಮ್ಮ ನಾಲ್ವರಲ್ಲಿ ಜಗಳವೇ ಆಯಿತು. ಬೇಟೆ ನಿಲ್ಲಬೇಕು ಎನ್ನುವುದಾದರೆ ಬರೆಯಬಹುದು, ಮೊಲವೂ ಉಳಿಯಬೇಕು. ಆದರೆ ‘ನಿಮ್ಮ ಸಂಸ್ಕೃತಿ ಬರೀತೀವಿ’ ಎಂದು ಹೇಳಿ ಒಳಗೆ ಹೋಗಿ ಅಪರಾಧದ ಸುದ್ದಿ ಹೊರಗೆ ತರುವುದು ಮೋಸ. ‘ಇದು ಕಾನೂನಿನಲ್ಲಿ ತಪ್ಪು, ಫೋಟೋ ಬಂದರೆ ಕೇಸಾಗಬಹುದು’ ಎಂಬ ಒಂದು ಮಾತನ್ನು ಫೋನ್ ಎತ್ತುವ ಮೊದಲು ಹೇಳಬೇಕಿತ್ತು. ಮುತ್ಯಾನಿಗೆ ಆ ಕಾಯ್ದೆ ಎಷ್ಟು ಗೊತ್ತಿತ್ತೋ, ನಮಗೆ ಪೂರಾ ಗೊತ್ತಿತ್ತು. ಹೇಳಿದ್ದರೆ ಫೋಟೋ ಸಿಗುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ.

ಬರೆದದ್ದನ್ನು ಅವರಿಗೆ ಮೊದಲು ಓದಿ ಹೇಳಬೇಕೇ? ಹಿರಿಯ ವರದಿಗಾರರು ಒಪ್ಪುವುದಿಲ್ಲ, ಹಾಗೆ ಮಾಡಿದರೆ ಲೀಡರ್‌ಗಳೂ ತೋರಿಸು ಎನ್ನುತ್ತಾರೆ ಎನ್ನುತ್ತಾರೆ. ಲೀಡರ್‌ಗಳಿಗೆ ತೋರಿಸದೇ ಕಳಿಸುತ್ತಿದ್ದೇವೆ ಎಂದು ಎದೆ ತಟ್ಟಿ ಹೇಳುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ? ಈಗ ನಾವು ದೊಡ್ಡಿಗಳಲ್ಲಿ ಬರೆದುಕೊಂಡದ್ದನ್ನು ಅಲ್ಲೇ ಗಟ್ಟಿಯಾಗಿ ಓದುತ್ತೇವೆ. ತಪ್ಪಿದ್ದರೆ ತಿದ್ದುತ್ತಾರೆ. ಫೋಟೋ ಕೊನೆಗೆ, ಕೇಳಿ. ಪೇಪರ್ ಬಂದ ಮೇಲೆ ಒಂದು ಪ್ರತಿ ಒಯ್ದು ಕೊಡುತ್ತೇವೆ. ಪೆಟ್ರೋಲ್ ಖರ್ಚು ಆಗುತ್ತದೆ, ಪ್ರತಿ ಸಲ ಆಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ.

ಆಯಿಗೆ ಸುಳ್ಳು ಹೇಳಿದ ಮೇಲೆ ಮತ್ತೆ ಆ ದೊಡ್ಡಿಗೆ ಹೋಗಲು ಕಾಲು ಬರಲಿಲ್ಲ. ನೀರಿನ ಸುದ್ದಿ ಬಂತು, ಟ್ಯಾಂಕರ್ ಹೋಯಿತು. ಅದಾಗಿ ವರ್ಷದ ಮೇಲೆ, ಒಂದು ಸಂಜೆ ಹೋದೆವು. ನಮ್ಮ ನಾಯಕರ ಗೆಳೆಯನನ್ನು ಜೊತೆಗೆ ಕರೆಯಬೇಕೆಂದಿದ್ದೆವು. ‘ನನ್ನ ಮುಂದ ಇಟ್ಕೊಂಡು ಹೋಗಬ್ಯಾಡ್ರಿ’ ಎಂದು ಅವನು ಬರಲಿಲ್ಲ. ಮುತ್ಯಾ ಕಟ್ಟಿ ಮೇಲೆ ಹಗ್ಗ ಹೊಸೆಯುತ್ತಿದ್ದರು. ನಾವು ಯಾರು, ಯಾವೂರು, ಯಾರ ಮಕ್ಕಳು ಎಂದೆಲ್ಲ ಹೇಳಿದೆವು. ಯುಗಾದಿ ಫೋಟೋ ನಮ್ಮದೇ ಎಂದೆವು. ಅವರು ಹಗ್ಗ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ‘ನಮ್ಮ ಮನ್ಯಾಗ ಚಾ ಕುಡದಿದ್ರಿ’ ಅಂದರು. ಅಷ್ಟೇ. ಆಯಿ ಒಳಗಿದ್ದಳು, ಹೊರಗೆ ಬರಲಿಲ್ಲ. ಆ ದಿನ ಚಾ ಬರಲಿಲ್ಲ.

ಮೊಮ್ಮಗ ಈಗ ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ. ಕೇಸು ನಡೆದಿರುವಾಗ ಪೊಲೀಸ್ ನೌಕರಿಗೆ ಅರ್ಜಿ ಹಾಕಿ ಏನು ಮಾಡುವುದು ಎಂದು ಬಿಟ್ಟ. ವಾಯಿದೆ ಇದ್ದಾಗ ಎರಡು ದಿನದ ಪಗಾರ ಬಿಟ್ಟು ಬರುತ್ತಾನೆ. ನಮ್ಮ ನಂಬರ್ ಅವನ ಬಳಿ ಇದೆ. ಮೊನ್ನೆ ರಾತ್ರಿ ಡ್ಯೂಟಿಯಿಂದ ಫೋನ್ ಮಾಡಿದ್ದ. ‘ಸರ್, ಊರ ಹೆಸರು ಹೊಡೆದ್ರ ಇನ್ನೂ ಅದೇ ಫೋಟೋ ಬರ್ತದ್ರಿ. ಇಲ್ಲಿ ಸೂಪರ್‌ವೈಸರ್ ನೋಡ್ಯಾನ. ತೆಗಸ್ರಿ.’

ಡೆಸ್ಕಿಗೆ ಮೂರು ಸಲ ಮೇಲ್ ಹಾಕಿದ್ದೇವೆ. ನೋಡುತ್ತೇವೆ ಎಂದಿದ್ದಾರೆ. ಈ ಲೇಖನ ಮುಗಿಸುವ ಮೊದಲು ಊರ ಹೆಸರು ಹೊಡೆದು ನೋಡಿದೆವು. ಮೊದಲನೆಯದೇ ಅದು, ಅಜ್ಜ, ಮೊಮ್ಮಗ, ಮೊಲ, ಕೆಳಗೆ ನಮ್ಮ ಹೆಸರು.